ಮಾವನ ಹೆಸರಿನ ಮಗ

ಆಗೆಲ್ಲ ನಮ್ಮ ಕಡೆ ಹೆಸರೂ ಹೊಲದಂತೆ. ಹಿರಿಯರು ಕಣ್ಣು ಮುಚ್ಚಿದ ಮೇಲೆ ಮೊಮ್ಮಗನ ಪಾಲಿಗೆ ಬರುತ್ತಿತ್ತು. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ ನಮ್ಮ ಮುತ್ಯಾನ, ಎಂದರೆ ಅಪ್ಪನ ಅಪ್ಪನ, ಹೆಸರು ಸಂಗಪ್ಪ, ಕೂಡಲಸಂಗಮದ ದೇವರ ಹೆಸರು. ಅದು ನನಗೆ ಬಂತು. ಬಂದದ್ದೇನೋ ಸರಿ, ಮನೆಯಲ್ಲಿ ಅದನ್ನು ಉಚ್ಚರಿಸುವ ಅಧಿಕಾರ ಮಾತ್ರ ಯಾರಿಗೂ ಇರಲಿಲ್ಲ. ಅಜ್ಜಿ ಗಂಡನ ಹೆಸರು ಹೇಳುವಂತಿಲ್ಲ; ಅವ್ವ ಮಾವನ ಹೆಸರು ಹೇಳುವಂತಿಲ್ಲ; ಅಪ್ಪನಂತೂ ಹೆತ್ತ ತಂದೆಯನ್ನೇ ಹೆಸರು ಹಿಡಿದು ಬೈಯುವುದು ಹೇಗೆ?

ಶಾಲೆಯಲ್ಲಾದರೂ ಕರೆದಾರು ಎಂದರೆ, ತರಗತಿಯ ತುಂಬ ಸಂಗಪ್ಪಂದಿರು. ಮಾಸ್ತರರು ಅಡ್ಡಹೆಸರು ಹಿಡಿದರು. ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ, ನಾನು ಉಪ್ಪಿನ. ನಮ್ಮ ಪೂರ್ವಜರಲ್ಲೊಬ್ಬರು ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಊರೂರು ಮಾರುತ್ತಿದ್ದರಂತೆ. ಹಾಜರಿ ಮುಗಿಯುವಷ್ಟರಲ್ಲಿ ಒಂದು ಪಲ್ಯದ ಸಾಮಾನೆಲ್ಲ ಕೂಡುತ್ತಿತ್ತು.

ಸಂಜೆ ನಮ್ಮೂರು ತಂಗಡಗಿಯ ಓಣಿಯಲ್ಲಿ ಗೋಲಿ ಆಡುವಾಗ ಒಂದೊಂದೇ ಬಾಗಿಲಿಂದ ಕೂಗು ಬರುತ್ತಿತ್ತು: "ಶಿವ್ಯಾ, ಉಣ್ಣಾಕ ಬಾರೋ!" "ಬಸ್ಯಾ, ಕಾಲು ಮುರೀತೇನಿ ನೋಡು!" ರೊಟ್ಟಿ ಸುಡುವ ವಾಸನೆಯ ಜೊತೆಗೆ ತಮ್ಮ ತಮ್ಮ ಹೆಸರನ್ನೂ ಹಿಡಿದುಕೊಂಡು ಅವರೆಲ್ಲ ಮನೆಗೆ ಓಡುತ್ತಿದ್ದರು. ನಮ್ಮವ್ವ ಹೊಸ್ತಿಲಲ್ಲಿ ನಿಂತು ತಂಬಿಗೆ ಬಡಿಯುತ್ತಿದ್ದಳು. ಎಮ್ಮೆಯನ್ನು "ಚಂದ್ರೀ" ಎಂದು ಬಾಯ್ತುಂಬ ಕರೆಯುತ್ತಿದ್ದವಳು, ನನಗೆ ಮಾತ್ರ ತಂಬಿಗೆ. ಕತ್ತಲಾಗುವ ಓಣಿಯಲ್ಲಿ ಒಬ್ಬನೇ ನಿಂತು, ಅವ್ವ ಒಮ್ಮೆಯಾದರೂ ನನ್ನ ಹೆಸರು ಕೂಗಲಿ ಎಂದು ಕಾಯುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಅವ್ವ ನನ್ನನ್ನು ಮುದ್ದೇಬಿಹಾಳದ ಸಂತೆಗೆ ಕರೆದುಕೊಂಡು ಹೋದಳು. ಮಿರ್ಚಿಭಜಿ ಕರಿಯುವ ಬಾಣಲೆಯ ಮುಂದೆ ನಾನು ಮೈಮರೆತು ನಿಂತೆ. ತಿರುಗಿದರೆ ಅವ್ವ ಇಲ್ಲ. ಹುಡುಕಿ ಸಾಕಾಗಿ, ಉಳ್ಳಾಗಡ್ಡಿ ಚೀಲಗಳ ಹಿಂದೆ ಕೂತು ಅತ್ತೆ. ಎಷ್ಟೋ ಹೊತ್ತಿನ ಮೇಲೆ ಚೀಲಗಳ ಆಚೆ ಅವಳ ದನಿ ಕೇಳಿತು. ಎದ್ದು ಓಡಬೇಕು, ಅಷ್ಟರಲ್ಲಿ ಪೊಲೀಸನೊಬ್ಬ ಅವಳನ್ನು ಕೇಳಿದ:

"ಹುಡುಗನ ಹೆಸರೇನಬೇ ಯವ್ವಾ?"

ನಾನು ಕಿವಿಗೊಟ್ಟು ಅಲ್ಲೇ ಕೂತೆ.

"ಹೆಂಗ ಹೇಳ್ಲಿರಿ? ನಮ್ಮ ಮಾವನೋರ ಹೆಸರ್ರಿ ಅದು."

"ಕಳದವರು ಮಾವನೋರೋ, ಮಗನೋ?"

"ಮಾವನೋರು ತೀರಿಕೊಂಡು ಭಾಳ ವರ್ಷ ಆತ್ರಿ. ಮಗ ಈಗಷ್ಟ ಕಳದಾನ್ರಿ."

"ಮತ್ತ ನಾ ಏನಂತ ಕೂಗ್ಲಿ?"

"ಕೂಡಲದಾಗಿನ ದೇವರ ಹೆಸರ್ರಿ. ನೀವ ಕೂಗ್ರಿ, ನಿಮಗ ಪುಣ್ಯಾ ಬರ್ತೈತಿ."

ಪೊಲೀಸ "ಸಂಗಪ್ಪಾ!" ಎಂದು ಗರ್ಜಿಸಿದ. ಸಂತೆಯ ನಾಲ್ಕೂ ದಿಕ್ಕಿನಿಂದ ಮೀಸೆ ಹೊತ್ತ ಸಂಗಪ್ಪಂದಿರು ತಿರುಗಿದರು. ಒಬ್ಬನಂತೂ ತಕ್ಕಡಿ ಕೆಳಗಿಟ್ಟು, "ನಾ ಏನೂ ಮಾಡಿಲ್ರಿ ಸಾಹೇಬ್ರ" ಎಂದು ಕೈಮುಗಿದ.

ಆಗ ಅವ್ವನ ದನಿ ಒಡೆಯಿತು. "ಸಂಗ್ಯಾ! ಏ ನನ್ನ ಸಂಗ್ಯಾ, ಎಲ್ಲಿದ್ದೀಯೋ!"

ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದೆ. ಆದರೂ ಇನ್ನೊಮ್ಮೆ ಕೂಗುವವರೆಗೆ ಕಾದೆ. ಆಮೇಲೆ "ಯವ್ವಾ" ಎಂದು ಹೊರಬಂದೆ. ಅವ್ವ ಮೊದಲು ತನ್ನ ಕೆನ್ನೆ ಬಡಿದುಕೊಂಡು, ಮುಗಿಲಿನತ್ತ ನೋಡಿ, "ತಪ್ಪಾತ್ರಿ ಮಾವನೋರ" ಎಂದಳು. ಆಮೇಲೆ ನನ್ನ ಕೆನ್ನೆಗೆ ಬಾರಿಸಿದಳು.

ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ: "ಯವ್ವಾ, ಇನ್ನೊಮ್ಮೆ ನನ್ನ ಹೆಸರ ಹಿಡದು ಕರಿ."

"ಹುಚ್ಚ ಅದೀ ಏನು? ಸುಮ್ನ ಕುಂಡ್ರು," ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಮತ್ತೆಂದೂ ಕರೆಯಲಿಲ್ಲ.

ಕೊನೆಗಾಲದಲ್ಲಿ ಅವಳಿಗೆ ಮಕ್ಕಳ ಗುರುತೇ ಹತ್ತದಾಯಿತು. ಅಷ್ಟೊತ್ತಿಗೆ ನನ್ನ ಮುಖ ಥೇಟ್ ಮುತ್ಯಾನದೇ ಆಗಿತ್ತು. ನಾನು ಒಳಗೆ ಕಾಲಿಟ್ಟೊಡನೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಗೋಡೆಯ ಕಡೆ ಸರಿದು, "ಬರ್ರಿ, ಕುಂಡ್ರಿ" ಎನ್ನುತ್ತಿದ್ದಳು. ನಾನೂ ಮಾವನ ಗಾಂಭೀರ್ಯದಿಂದ ಕೂರುತ್ತಿದ್ದೆ.

ಈಗ ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಮೊಮ್ಮಗಳ ವಯಸ್ಸಿನ ಹುಡುಗಿಯರೂ "ಸಂಗಪ್ಪ ಉಪ್ಪಿನ ಯಾರು?" ಎಂದು ಗಟ್ಟಿಯಾಗಿ ಕೂಗುತ್ತಾರೆ. ನಾನು ಎದ್ದು ಹೋಗುತ್ತೇನೆ. ಆ ಹೆಸರಿಗೆ ನಾಲಿಗೆ ತಡೆಯುವವರು ಯಾರೂ ಉಳಿದಿಲ್ಲ.