ಸೋತ ಕೈ ಮೊದಲು

ಅವರ ಬಲಗೈ ಹೆಬ್ಬೆರಳಿನ ಉಗುರು ಆಮೆಯ ಚಿಪ್ಪಿನ ಹಾಗೆ ದಪ್ಪಗಿತ್ತು. ಅಂಚು ಸವೆದು ನೇರವಾಗಿತ್ತು. ಬುಡದಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ನೀಲಿ ಸದಾ ಕೂತಿರುತ್ತಿತ್ತು. ಬಟ್ಟೆ ಮಡಿಚಿ ಆ ಉಗುರನ್ನು ಒಮ್ಮೆ ಎಳೆದರೆ ಸಾಕು, ಇಸ್ತ್ರಿ ಮಾಡಿದಷ್ಟು ಚೆನ್ನಾಗಿ ಗೆರೆ ಬೀಳುತ್ತಿತ್ತು. ನನ್ನ ಚಿತ್ರಗಳ ಮೇಲೂ ಅವರು ಅದೇ ಉಗುರು ಓಡಿಸುತ್ತಿದ್ದರು. ಪೆನ್ಸಿಲ್ ಗೆರೆ ಕಲಸಿಹೋಗಿ ನನಗೆ ಮೈ ಉರಿಯುತ್ತಿತ್ತು. "ಅಕ್ಕ, ಮುಟ್ಟದೇ ನೋಡಿ" ಅಂದರೆ, "ಮುಟ್ಟದೇ ನೋಡೋಕೆ ಇದೆಂತ ದೇವರ ಫೋಟೋನಾ?" ಅನ್ನುತ್ತಿದ್ದರು.

ಸಾಗರದ ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವರು ಟೈಲರಕ್ಕ. ನಮ್ಮ ಪಕ್ಕದ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. "ಹುಟ್ಟಿದ್ದು ಮೇಳಿಗೆಯಲ್ಲಿ, ಕೊಟ್ಟಿದ್ದು ಹೊಸನಗರಕ್ಕೆ, ಹೊಲಿದಿದ್ದು ಸಾಗರದಲ್ಲಿ" ಎಂದು ಒಂದೇ ಉಸಿರಿನಲ್ಲಿ ತಮ್ಮ ಜೀವನಚರಿತ್ರೆ ಮುಗಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ತಮ್ಮ ಹೊಲಿಗೆ ಯಂತ್ರ ತೆಗೆದುಕೊಂಡು ಇಲ್ಲಿಗೆ ಬಂದವರು, ಅರವತ್ತು ದಾಟಿದರೂ ಅದರ ಮುಂದಿನಿಂದ ಎದ್ದಿರಲಿಲ್ಲ. "ಹೋದ ವರ್ಷದ ಅಳತೆಗೇ ಹೊಲೀರಿ, ನಾನೇನೂ ದಪ್ಪ ಆಗಿಲ್ಲ" ಎನ್ನುವ ಹೆಂಗಸರನ್ನು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, ಆಯ್ತು ಎಂದು ತಲೆಯಾಡಿಸಿ, ಅವರು ಅತ್ತ ಹೋದ ಮೇಲೆ ಒಂದು ಇಂಚು ಜಾಸ್ತಿ ಬಿಟ್ಟು ಕತ್ತರಿಸುತ್ತಿದ್ದರು. ಬ್ಲೌಸು ಸರಿಯಾಗಿ ಕೂತಿತೆಂದು ಆ ಹೆಂಗಸರು ಖುಷಿಯಾಗಿ ಹೋಗುತ್ತಿದ್ದರು.

ನಾನು ಅವರ ಅಂಗಡಿಗೆ ಹೋಗತೊಡಗಿದ್ದು ಹೊಲಿಗೆ ಕಲಿಯಲು ಅಲ್ಲ. ಹೋಗಲು ಬೇರೆ ಜಾಗವೇ ಇರಲಿಲ್ಲ. ನನ್ನಮ್ಮ ಪ್ರಾಥಮಿಕ ಶಾಲೆಯ ಟೀಚರ್ ಆಗಿ ನಿವೃತ್ತರಾದವರು. ಒಂದು ಬೆಳಿಗ್ಗೆ ಪಾರ್ಶ್ವವಾಯು ಹೊಡೆದು ಅವರ ಎಡಭಾಗ ಬಿದ್ದುಹೋಯಿತು. ನಾನಾಗ ಶಿವಮೊಗ್ಗದ ಮುದ್ರಣಾಲಯವೊಂದರಲ್ಲಿ ಲಗ್ನಪತ್ರಿಕೆಗಳಿಗೆ ಗಣಪತಿ ಬರೆಯುತ್ತಿದ್ದೆ. ಅಣ್ಣ ಹುಬ್ಬಳ್ಳಿಯಲ್ಲಿ. ಅವನಿಗೆ ಸಣ್ಣ ಮಗು, ಅತ್ತಿಗೆಗೆ ಕೆಲಸ. ನನಗೆ ಮದುವೆಯಾಗಿರಲಿಲ್ಲ, ನನ್ನ ಕೆಲಸವನ್ನು ಯಾರೂ ಕೆಲಸವೆಂದು ಒಪ್ಪಿರಲಿಲ್ಲ. ಅಮ್ಮನ ಹತ್ತಿರ ಯಾರಿರಬೇಕು ಎಂಬುದು ಐದು ನಿಮಿಷದಲ್ಲಿ ತೀರ್ಮಾನವಾಯಿತು. ಆ ಐದು ನಿಮಿಷವೂ ನಾನು ಅಡುಗೆಮನೆಯಲ್ಲಿ ಎಲ್ಲರಿಗೂ ಕಾಫಿ ಸೋಸುತ್ತಿದ್ದೆ.

ಅಮ್ಮ ಏನಾದರೂ ಬೇಕಾದಾಗ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುತ್ತಿದ್ದರು. ಆ ಸದ್ದು ಕೇಳುವಷ್ಟು ದೂರ ಮಾತ್ರ ನಾನು ಹೋಗಬಹುದಿತ್ತು. ಪೇಟೆಯ ಅಂಗಡಿಬೀದಿಗೆ ಕೇಳುವುದಿಲ್ಲ, ಬಸ್‌ಸ್ಟ್ಯಾಂಡಿಗೆ ಕೇಳುವುದಿಲ್ಲ. ಟೈಲರಕ್ಕನ ಅಂಗಡಿಗೆ ಕೇಳುತ್ತದೆ. ಹಾಗಾಗಿ ಮಧ್ಯಾಹ್ನ ಅಮ್ಮ ಕಣ್ಣು ಮುಚ್ಚಿದೊಡನೆ ನನ್ನ ಚಿತ್ರದ ಪುಸ್ತಕ ಹಿಡಿದು ಅಲ್ಲಿಯ ಬೆಂಚಿನ ಮೇಲೆ ಕೂರುತ್ತಿದ್ದೆ. ಸತ್ಯ ಹೇಳಬೇಕೆಂದರೆ ಆ ದಿನಗಳಲ್ಲಿ ಆ ಲೋಟವನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ನಾನು ಬರೆಯುತ್ತಿದ್ದದ್ದು ಸೂಪರ್‌ಹೀರೋಗಳನ್ನು. ಭಾನುವಾರ ಮಧ್ಯಾಹ್ನ ನಾವು ಏಳು ಜನ ಫೋನಿನಲ್ಲಿ ಸೇರಿ ಒಂದು ಆಟ ಆಡುತ್ತಿದ್ದೆವು. ಒಬ್ಬೊಬ್ಬರೂ ಒಬ್ಬೊಬ್ಬ ಸೂಪರ್‌ಹೀರೋ. ಮೈಸೂರಿನ ಒಬ್ಬರು ಆಟ ನಡೆಸುವವರು. "ಸೇತುವೆ ಕುಸೀತಿದೆ, ಮೇಲೆ ಬಸ್ಸಿದೆ, ನೀವೇನು ಮಾಡ್ತೀರಿ?" ಎಂದು ಅವರು ಕೇಳಿದರೆ, ನಾವು ನಮ್ಮ ಹೀರೋ ಆಗಿ ಮಾತಾಡಿ ದಾಳ ಉರುಳಿಸಬೇಕು. ಬಸ್ಸು ಉಳಿಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಎಲ್ಲರ ಹೀರೋಗಳ ಚಿತ್ರ ಬರೆಯುವ ಜವಾಬ್ದಾರಿ ನನ್ನದು. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತಾರೆ, ಸಿಟ್ಟು ಬಂದಾಗ ಮುಖ ಹೇಗಿರುತ್ತದೆ, ವೇಷ ಯಾವ ಬಣ್ಣ, ಎಲ್ಲ ನಾನೇ. ನನ್ನ ಸ್ವಂತ ಪಾತ್ರ ಗೋಡೆಗಳನ್ನು ತೂರಿಕೊಂಡು ದಾಟಿ ಹೋಗಬಲ್ಲ ಹೆಂಗಸು. ಯಾಕೆ ಆ ಶಕ್ತಿಯನ್ನೇ ಆರಿಸಿಕೊಂಡೆ ಎಂದು ಯಾರೂ ಕೇಳಲಿಲ್ಲ.

ಅವಳ ಚಿತ್ರವನ್ನೇ ಮೊದಲು ಟೈಲರಕ್ಕನಿಗೆ ತೋರಿಸಿದ್ದು. ಕುತ್ತಿಗೆಯಿಂದ ಕಾಲ್ಬೆರಳಿನವರೆಗೆ ಮೈಗಂಟಿದ ಕಡುನೀಲಿ ಉಡುಪು, ಕೈಗವಸು, ಬೂಟು ಎಲ್ಲ ಅದರಲ್ಲೇ ಸೇರಿದ್ದು. ಬಳಗದವರೆಲ್ಲ ಹೊಗಳಿದ್ದ ಚಿತ್ರ ಅದು. ಅಕ್ಕ ಉಗುರು ಓಡಿಸಿದರು.

"ಚಂದ ಇದೆ. ಹಾಕ್ಕೊಳ್ಳೋದು ಹೆಂಗೆ?"

"ಅವಳು ಸೂಪರ್‌ಹೀರೋ ಅಕ್ಕ."

"ಆಗ್ಲಿ. ಹುಕ್ಕು ಎಲ್ಲಿದೆ? ಜಿಪ್ಪೂ ಇಲ್ಲ. ಈ ಕುತ್ತಿಗೇಲಿ ತಲೆ ನುಗ್ಗಲ್ಲ. ಅವಳನ್ನ ಒಳಗೆ ಕೂರಿಸಿ ಹೊಲಿದ್ಯಾ ಹೆಂಗೆ?"

ನನಗೆ ಚುರ್ರೆಂದಿತು. "ಗೋಡೆ ದಾಟೋಳಿಗೆ ಬಟ್ಟೆ ಯಾವ ಲೆಕ್ಕ? ಹಂಗೇ ತೂರಿಕೊಂಡು ಒಳಗೆ ಹೋಗ್ತಾಳೆ" ಅಂದೆ.

"ಹಂಗಾದ್ರೆ ಅದು ಅವಳ ಮೈಮೇಲೆ ನಿಲ್ಲೋದು ಹೆಂಗೆ ಮಾರಾಯ್ತಿ?"

ಆಟ ನಡೆಸುವವರಿಗೂ ಹೊಳೆಯದ ಪ್ರಶ್ನೆ. ಆ ಭಾನುವಾರ ಬಳಗದವರು ಇದರ ಮೇಲೆ ಒಂದು ಗಂಟೆ ವಾದ ಮಾಡಿದರು. ಅಂದಿನಿಂದ ಯಾವ ಹೀರೋ ಆದರೂ ಟೈಲರಕ್ಕನ ಕೈ ದಾಟಿಯೇ ಮುಂದೆ ಹೋಗಬೇಕು ಎಂದಾಯಿತು. ಬೆನ್ನ ಹಿಂದೆ ಉದ್ದನೆ ಬಟ್ಟೆ ಹಾರಿಸಿಕೊಂಡು ಓಡುವವನಿಗೆ, "ಕಾಲಿಗೆ ತೊಡರಿ ಮುಗ್ಗರಿಸ್ತಾನೆ, ಮಂಡಿ ತನಕ ಸಾಕು" ಎಂದರು. ಮೈಯಿಂದ ಬೆಂಕಿ ಕಾರುವವನಿಗೆ ನಾನು ಹೊಳೆಯುವ ಬಟ್ಟೆ ಬರೆದಿದ್ದೆ. "ಸಿಂಥೆಟಿಕ್ ಬೇಡವೇ ಬೇಡ, ಕರಗಿ ಚರ್ಮಕ್ಕೆ ಅಂಟತ್ತೆ. ದಪ್ಪ ಕಾಟನ್ ಹಾಕು ಪಾಪ" ಎಂದು ಅವನ ಮೇಲೆ ಕನಿಕರಪಟ್ಟರು. ಕೆಲವೇ ದಿನಗಳಲ್ಲಿ ಅವರೆಲ್ಲ ಅಂಗಡಿಯ ಗಿರಾಕಿಗಳಾಗಿಬಿಟ್ಟರು. ನಾನು ಬಾಗಿಲಲ್ಲಿ ಕಾಣಿಸಿದರೆ, "ಎಂತ, ಆ ಬೆಂಕಿಯವಂದು ಮುಗೀತಾ?" ಎಂದು ಕೇಳುತ್ತಿದ್ದರು. ಇಡೀ ದಿನದಲ್ಲಿ ನಾನು ನಗುತ್ತಿದ್ದದ್ದು ಆಗ ಮಾತ್ರ.

ಮನೆಯೊಳಗೆ ನಗು ಇರಲಿಲ್ಲ. ಗಂಜಿ ಹಾಕಿದ ಕಾಟನ್ ಸೀರೆಯ ನೆರಿಗೆಗೆ ಪಿನ್ನು ಚುಚ್ಚದೆ ಅಂಗಳಕ್ಕೂ ಇಳಿಯದಿದ್ದ ಅಮ್ಮ ಈಗ ಮುಂದೆ ಗುಂಡಿಯಿರುವ ನೈಟಿಯಲ್ಲಿ ಮಲಗಿರುತ್ತಿದ್ದರು. ಅವರನ್ನು ಹಾಗೆ ಯಾರೂ ನೋಡಕೂಡದು. ಹಳೆಯ ವಿದ್ಯಾರ್ಥಿಗಳು ಬಂದರೆ, "ಮಲಗಿದಾರೆ ಅಂತ ಹೇಳು" ಎಂದು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. "ಆಟೋದಲ್ಲಿ ಕೂರಿಸಿ ವರದಮೂಲದ ದೇವಸ್ಥಾನಕ್ಕಾದ್ರೂ ಕರ್ಕೊಂಡು ಹೋಗು" ಎಂದು ಟೈಲರಕ್ಕ ಹೇಳಿದ್ದನ್ನು ತಿಳಿಸಿದಾಗ, "ಈ ಅವತಾರದಲ್ಲಾ?" ಎಂದರು. ಆ ಮಾತು ಅಲ್ಲಿಗೇ ಮುಗಿಯಿತು. ಆಸ್ಪತ್ರೆಯಿಂದ ಬಂದಮೇಲೆ ಅವರು ಹೊಸಿಲು ದಾಟಿರಲಿಲ್ಲ.

ಪ್ರತಿ ಬೆಳಿಗ್ಗೆ ಬಟ್ಟೆ ಬದಲಿಸುವುದೇ ಒಂದು ಯುದ್ಧ. ಸಲೀಸಾಗಿ ಬರುವ ಬಲಗೈಯನ್ನು ಮೊದಲು ತೋಳಿಗೆ ಹಾಕುತ್ತಿದ್ದೆ. ಆಮೇಲೆ ಎಡಗೈಯನ್ನು ಹಿಂದಕ್ಕೆ ತಂದು, ಬಗ್ಗಿಸಿ, ತಳ್ಳಿ, ಎಳೆದು ನುಗ್ಗಿಸುತ್ತಿದ್ದೆ. ಅಮ್ಮ ಕಣ್ಣುಮುಚ್ಚಿ ತುಟಿ ಬಿಗಿಹಿಡಿಯುತ್ತಿದ್ದರು. ಮೈ ಕೊರಡಿನ ಹಾಗೆ ಬಿಗಿಯಾಗುತ್ತಿತ್ತು. ಅದನ್ನು ಹಟವೆಂದು ತಿಳಿದು, "ಸ್ವಲ್ಪ ಸಡಿಲ ಬಿಡಬಾರದಾ? ನಾನೊಬ್ಳೇ ಎಷ್ಟು ಅಂತ ಸಾಯ್ಲಿ?" ಎಂದು ಬೈಯುತ್ತಿದ್ದೆ. ಆಸ್ಪತ್ರೆಯಿಂದ ಬಿಡುವ ದಿನ ನರ್ಸು ಎಲ್ಲವನ್ನೂ ಅಣ್ಣನಿಗೆ ವಿವರಿಸಿದ್ದರಂತೆ. ನಾನಾಗ ಔಷಧಿ ತರಲು ಹೋಗಿದ್ದೆ. ಅವನು ತಲೆಯಾಡಿಸಿ ಕೇಳಿಸಿಕೊಂಡು, ತಲೆಯಾಡಿಸಿದಷ್ಟೇ ಸುಲಭವಾಗಿ ಮರೆತಿದ್ದ.

ಹನ್ನೊಂದು ತಿಂಗಳು ಹೀಗೇ ಕಳೆಯಿತು. ಆಗ ನಮ್ಮ ಆಟಕ್ಕೆ ತೀರ್ಥಹಳ್ಳಿಯ ಒಬ್ಬರು ಹೊಸದಾಗಿ ಸೇರಿದರು. ಅವರ ಹೀರೋಗೆ ಎಡಗೈ ಪೂರ್ತಿ ಕಲ್ಲು. ಮೈಯನ್ನೇ ತಿರುಗಿಸಿ ಬೀಸಿದರೆ ಅದರಿಂದ ಬೆಟ್ಟ ಒಡೆಯಬಲ್ಲ, ಆದರೆ ಕೈಯನ್ನು ಎತ್ತಲಾರ, ಮಡಿಸಲಾರ. ನನಗೆ ಹುರುಪು ಬಂತು. ಅಲುಗಾಡದ ಕೈ ಹೇಗೆ ಜೋತುಬೀಳುತ್ತದೆ, ಭುಜ ಹೇಗೆ ಇಳಿಯುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಮ್ಮ ಮಲಗಿರುವಾಗ ಅವರ ಕೈ ನೋಡಿಕೊಂಡೇ ಬರೆದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಟೈಲರಕ್ಕ ಕೇಳುವ ಮೊದಲೇ ಉತ್ತರ ಕೊಟ್ಟುಬಿಡೋಣವೆಂದು, ಅವನು ಯುದ್ಧದ ಕೋಟು ತೊಡುವುದನ್ನು ಸಾಲಾಗಿ ನಾಲ್ಕು ಸಣ್ಣ ಚಿತ್ರಗಳಲ್ಲಿ ತೋರಿಸಿದೆ. ಬೀಗುತ್ತಾ ತೆಗೆದುಕೊಂಡು ಹೋದೆ.

ಅವರ ಉಗುರು ಎರಡನೇ ಚಿತ್ರದ ಮೇಲೆ ನಿಂತಿತು.

"ಇದು ತಪ್ಪು."

"ಯಾಕೆ? ಗುಂಡಿ ಇದೆ, ತೋಳು ಅಗಲ ಇದೆ..."

"ಒಳ್ಳೇ ಕೈ ಮೊದ್ಲು ಹಾಕಿದಾನೆ. ಆಮೇಲೆ ಕಲ್ಲಿನ ಕೈಯನ್ನ ಹಿಂದಕ್ಕೆ ತಿರುಚಿ ನುಗ್ಗಿಸ್ಬೇಕು. ಕಲ್ಲು ಬಗ್ಗತ್ತಾ? ಸೋತ ಕೈ ಮೊದ್ಲು ಹಾಕ್ಬೇಕು ಕೂಸೇ. ತೆಗೆಯುವಾಗ ಅದು ಕೊನೆಗೆ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಟೀಚರಿಗೆ ಹೆಂಗೆ ಹಾಕ್ತೀಯ?"

ನಾನು ಆ ಎರಡನೇ ಚಿತ್ರಕ್ಕೆ ಬೆರಳಿಟ್ಟೆ. ಅಳು ಬಂದುಬಿಟ್ಟಿತು. ಬೈಗುಳಗಳೆಲ್ಲ ಒಂದೊಂದಾಗಿ ನೆನಪಾದವು.

ಟೈಲರಕ್ಕ ಸಮಾಧಾನ ಮಾಡಲಿಲ್ಲ. ಯಂತ್ರದ ಕಡೆ ತಿರುಗಿ ಒಂದು ತೋಳಿನ ಅಂಚು ಹೊಲಿದು ಮುಗಿಸಿದರು. ಆಮೇಲೆ ಹೇಳಿದರು: "ಹೊಸನಗರದಲ್ಲಿ ನಮ್ಮತ್ತೆ ಹಿಂಗೇ ಮಲಗಿದ್ರು. ಎರಡು ವರ್ಷ ನಾನೂ ಇದೇ ಮಾಡಿದ್ದು. ಟೈಲರು ನಾನು, ನಂಗೇ ಹೊಳೀಲಿಲ್ಲ ನೋಡು. ನೆಂಟರ ಪೈಕಿ ನರ್ಸ್ ಒಬ್ಳು ಬಂದು ಹೇಳಿದ್ಮೇಲೆ ಗೊತ್ತಾಯ್ತು. ನಿಂದು ಹನ್ನೊಂದೇ ತಿಂಗಳು, ನೀನೇ ವಾಸಿ." ಹಲ್ಲಿನಿಂದ ದಾರ ಕಡಿದು, "ಅತ್ತೆ ಹತ್ರ ತಪ್ಪಾಯ್ತು ಅಂತ ಹೇಳ್ಬೇಕಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಇದ್ದೆ. ಅವ್ರು ಹೋಗೇಬಿಟ್ರು. ನೀನು ಹಂಗೆ ಮಾಡ್ಬೇಡ, ಹೇಳ್ಬಿಡು" ಎಂದರು.

ಮರುದಿನ ಬೆಳಿಗ್ಗೆ ಎಡಗೈ ಮೊದಲು ಹಾಕಿದೆ. ತೋಳು ಭುಜದವರೆಗೆ ಸರಾಗವಾಗಿ ಏರಿತು. ಅಮ್ಮ ಕಣ್ಣುಬಿಟ್ಟು ನನ್ನ ಮುಖ ನೋಡಿದರು. ತಪ್ಪಾಯ್ತು ಅನ್ನಬೇಕೆಂದು ಬಾಯಿ ತೆರೆದೆ. "ಇವತ್ತು ಗಂಜಿಗೆ ಉಪ್ಪಿನಕಾಯಿ ಹಾಕ್ಲಾ?" ಎಂದು ಕೇಳಿದೆ.

ಟೈಲರಕ್ಕ ದಿನವೂ ಕೇಳುತ್ತಿದ್ದರು, "ಹೇಳಿದ್ಯಾ?" ನಾನು ದಿನವೂ "ನಾಳೆ" ಎನ್ನುತ್ತಿದ್ದೆ. ಅವರು ಲೊಚಗುಟ್ಟಿ ಕೆಲಸ ಮುಂದುವರಿಸುತ್ತಿದ್ದರು.

ಆ ನಡುವೆ ನಾವಿಬ್ಬರೂ ಸೇರಿ ಅಮ್ಮನಿಗೊಂದು ಬ್ಲೌಸು ಮಾಡಿದೆವು. ಹೀರೋಗಳಿಗೆ ಬರೆಯುವ ಹಾಗೆಯೇ ಮೂರು ಕಡೆಯಿಂದ ಬರೆದುಕೊಂಡೆ. ಎಡಭುಜದಿಂದ ತೋಳಿನ ತುದಿವರೆಗೆ ಪೂರ್ತಿ ತೆರೆದುಕೊಳ್ಳಬೇಕು, ಟಿಚ್ ಬಟನ್ ಒತ್ತಿದರೆ ಮುಚ್ಚಬೇಕು, ಸೆರಗು ಹೊದ್ದರೆ ಯಾರಿಗೂ ಕಾಣಬಾರದು. ಅಕ್ಕ ಅದನ್ನು ಮೂರು ಸಲ ಬಿಚ್ಚಿ ಹೊಲಿದರು. ತಾವೇ ಬಂದು ಅಮ್ಮನಿಗೆ ತೊಡಿಸಿ, ಸೀರೆ ಉಡಿಸಿ, ಭುಜಕ್ಕೆ ಪಿನ್ನು ಚುಚ್ಚಿ ಕನ್ನಡಿ ಹಿಡಿದರು. ಅಮ್ಮ ಬಹಳ ಹೊತ್ತು ನೋಡಿಕೊಂಡರು.

"ಎಡಗಡೆ ಭುಜ ಸ್ವಲ್ಪ ಇಳಿದಿದೆ" ಎಂದರು, ಕಾಪಿ ಪುಸ್ತಕ ತಿದ್ದುವವರಂತೆ.

"ಇಳಿದಿರೋದು ನಿಮ್ಮ ಭುಜ ಟೀಚರ್, ನನ್ನ ಹೊಲಿಗೆ ಸರಿಯಾಗೇ ಇದೆ."

ಇಬ್ಬರೂ ನಕ್ಕರು. ನನಗೆ ಆಸೆ ಹುಟ್ಟಿತು. ಆದರೆ ಹೊರಗೆ ಹೋಗೋಣ ಎಂದಾಗ ಅಮ್ಮ, "ಬಿಚ್ಚು, ಸಾಕು" ಎಂದರು. ಬ್ಲೌಸು ಕಪಾಟು ಸೇರಿತು. ಆ ತಿಂಗಳು ನಮ್ಮ ಆಟದವರೆಲ್ಲ ಮೈಸೂರಿನಲ್ಲಿ ಸೇರಿ ನನ್ನ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಮುಂದೆ ನಿಂತು ಫೋಟೋ ಕಳಿಸಿದರು. ಅದನ್ನು ನಾನು ಅಡುಗೆಮನೆಯ ನೆಲದ ಮೇಲೆ ಕೂತು ನೋಡಿದೆ. ಚಮಚದ ಸದ್ದಾಯಿತು, ಎದ್ದೆ.

ಒಂದು ಬೆಳಿಗ್ಗೆ ಪಕ್ಕದ ಅಂಗಡಿಯ ಬಾಗಿಲು ತೆರೆಯಲಿಲ್ಲ. ನಸುಕಿನಲ್ಲೇ ಎದೆನೋವು ಬಂದು ಅಕ್ಕನ ಮಗ ಅವರನ್ನು ಶಿವಮೊಗ್ಗಕ್ಕೆ ಕರೆದೊಯ್ದಿದ್ದನಂತೆ. ಮಧ್ಯಾಹ್ನ ಆಂಬುಲೆನ್ಸಿನಲ್ಲಿ ದೇಹ ಬಂತು. ಅಮ್ಮನಿಗೆ ಹೇಳಿದೆ. ಅವರು ಸೂರು ನೋಡುತ್ತಾ ಮಲಗಿದ್ದರು.

"ಆ ಬ್ಲೌಸು ತೆಗಿ" ಅಂದರು.

ನಾನು ಎಡಗೈ ಮೊದಲು ತೊಡಿಸಿದೆ. ಬೀದಿಯ ಇಬ್ಬರು ಗಂಡಸರು ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡರು. ಒಂದೂವರೆ ವರ್ಷದ ನಂತರ ಅಮ್ಮ ಹೊಸಿಲು ದಾಟಿದರು. "ಟೀಚರ್ ಬಂದ್ರು, ಟೀಚರ್ ಬಂದ್ರು" ಎಂದು ಜನ ದಾರಿ ಬಿಟ್ಟರು. ಟೈಲರಕ್ಕನ ಪಕ್ಕದಲ್ಲಿ ಕುರ್ಚಿ ಇಳಿಸಿದಾಗ ಅಮ್ಮ ಬಲಗೈ ಚಾಚಿ ಅವರ ಹಣೆ ಮುಟ್ಟಿದರು. ಅಳಲಿಲ್ಲ. ಅತ್ತದ್ದು ನಾನು. ದಿನದಲ್ಲಿ ಒಂದು ಗಂಟೆಯಾದರೂ ನನ್ನನ್ನು ಮನುಷ್ಯಳಾಗಿ ಉಳಿಸಿದ್ದವರು ಅವರು.

ಮನೆಗೆ ಬಂದು ಬ್ಲೌಸು ಬಿಚ್ಚತೊಡಗಿದೆ. ಬಲಗೈ ಮೊದಲು ಬಂತು. ಟಿಚ್ ಬಟನ್ ಒಂದೊಂದಾಗಿ ಬಿಡಿಸುತ್ತಾ ಹೇಳಿದೆ: "ಅಮ್ಮ, ಮೊದ್ಲು ಹನ್ನೊಂದು ತಿಂಗಳು ನಾನು ನಿಂಗೆ ತಪ್ಪಾಗಿ ಬಟ್ಟೆ ಹಾಕ್ತಿದ್ದೆ. ಟೈಲರಕ್ಕ ಹೇಳೋ ತನಕ ಗೊತ್ತಿರ್ಲಿಲ್ಲ."

"ಗೊತ್ತು."

"ನೋವಾಗ್ತಿತ್ತಾ?"

"ಜೀವ ಹೋಗ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ನೀನು?"

ಅಮ್ಮ ಗೋಡೆಯ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿದರು. "ಹೇಳಿದ್ರೆ, ನೀನೂ ಬಿಟ್ಟು ಹೋಗ್ತೀಯೇನೋ ಅಂತ."

ನಾನು ಎಡತೋಳನ್ನು ಮೆಲ್ಲಗೆ ಕಳಚಿದೆ. ಹೇಳಿದ್ಯಾ ಎಂದು ದಿನವೂ ಕೇಳುತ್ತಿದ್ದವರ ಚಟ್ಟವನ್ನು ಅಷ್ಟು ಹೊತ್ತಿಗೆ ಹೊರಗೆ ಎತ್ತುತ್ತಿದ್ದರು.