ಕಿಟಕಿ ದಿನ

ನನ್ನ ಓರಗಿತ್ತಿಯ ಬಲಗೈ ಹೆಬ್ಬೆರಳಿನಲ್ಲಿ ಅಡ್ಡಡ್ಡ ಸಣ್ಣ ಗೀರುಗಳಿದ್ದವು. ದೇವನಹಳ್ಳಿ ಪಕ್ಕದ ವಿಜಯಪುರದ ನಮ್ಮ ಮನೆಯ ಹಿಂದೆ ರೇಷ್ಮೆ ಹುರಿ ಮಾಡುವ ಮಿಷನ್ನುಗಳಿವೆ. ಹರಿದ ಎಳೆಗೆ ಗಂಟು ಹಾಕಿ ಹಾಕಿ ಆದ ಗೀರುಗಳು ಅವು. ಬೆಳಗ್ಗೆ ಆ ಬೆರಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಆಡಿಸದೆ ಅವಳು ಕಾಫಿ ಕುಡಿದವಳಲ್ಲ. ನಾವೆಲ್ಲ ಅಲ್ಲಿ ರಾಹುಕಾಲ ನೋಡಿದರೆ ಅವಳು ಅಂಕಿ ನೋಡುತ್ತಿದ್ದಳು. ಹಿಂದಿನಿಂದ ಓದಿದರೂ ಬದಲಾಗದ ತಾರೀಖಿಗೆ ಅವಳಿಟ್ಟ ಹೆಸರು ಕಿಟಕಿ ದಿನ.

“ಕಿಟಕಿ ಅನ್ನೋ ಮಾತನ್ನ ಹಿಂದ್ಲಿಂದ ಓದು, ಕಿಟಕಿನೇ. ಒಳಗಿಂದ ನೋಡಿದ್ರೂ ಕಿಟಕಿ, ಹೊರಗಿಂದ ನೋಡಿದ್ರೂ ಕಿಟಕಿ,” ಎನ್ನುತ್ತಿದ್ದಳು.

ನನ್ನ ಮಗಳು ಹುಟ್ಟಿದ್ದು 21-02-2012ರಂದು. ನೋವು ತಿಂದವಳು ನಾನು. ಓರಗಿತ್ತಿ ಮಗುವನ್ನು ಎತ್ತಿಕೊಂಡು, “ನೋಡೇ, ಕಿಟಕಿ ದಿನಾನೇ ಹುಡುಕ್ಕೊಂಡು ಬಂದವ್ಳೆ,” ಎಂದಳು. ನೆಂಟರು ಇಂದಿಗೂ ನೆನೆಯುವುದು ಆ ಮಾತನ್ನೇ, ನನ್ನ ನೋವನ್ನಲ್ಲ. ಮಗಳು ಅಂಕಿ ಕಲಿತ ಮೇಲಂತೂ ದೊಡ್ಡಮ್ಮನ ಸೆರಗು ಬಿಡಲಿಲ್ಲ. ಇಬ್ಬರೂ ಕ್ಯಾಲೆಂಡರಿನ ಮುಂದೆ ನಿಂತು ಮುಸಿಮುಸಿ ನಗುತ್ತಿದ್ದರೆ ಅಡುಗೆಮನೆಯಲ್ಲಿ ನನ್ನ ಹೊಟ್ಟೆ ಒಲೆಗಿಂತ ಹೆಚ್ಚು ಉರಿಯುತ್ತಿತ್ತು.

ಹತ್ತನೆಯ ಹುಟ್ಟುಹಬ್ಬಕ್ಕೆ ದೇವನಹಳ್ಳಿಯಿಂದ ಕೇಕ್ ತಂದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಕ್ರೀಮ್ ಅಲುಗದ ಹಾಗೆ ತಂದಿದ್ದೆ. ಮಗಳು ಡಬ್ಬಿ ತೆರೆಯಲೇ ಇಲ್ಲ.

“ನಾಳೆ ಕಟ್ ಮಾಡ್ತೀನಮ್ಮ. ನಾಳೆ 22-02-2022, ಕಿಟಕಿ ದಿನ. ನಾನೂ ದೊಡ್ಡಮ್ಮನೂ ಯಾವಾಗ್ಲಿಂದ್ಲೋ ಕಾಯ್ತಿದೀವಿ.”

“ಇವತ್ತೇ ಮಾಡು ಮಗ, ಅಮ್ಮ ಆಸೆಯಿಂದ ತಂದವ್ಳೆ,” ಎಂದಳು ಓರಗಿತ್ತಿ. ಅವಳು ಹೇಳಿದ ಮೇಲೆ ಮಗಳು ಕತ್ತರಿಸಿದಳು. ನನ್ನ ಪಾಲಿನ ತುಂಡನ್ನು ನಾನು ಡಬ್ಬಿಗೇ ವಾಪಸ್ ಇಟ್ಟೆ.

ಹೋದ ವರ್ಷ ಓರಗಿತ್ತಿ ಕಾಮಾಲೆ ಹೆಚ್ಚಾಗಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಗಳು ಆ ದಿನದ ತಾರೀಖನ್ನು ತಿರುಗಿಸಿದಳು, ಕೂಡಿದಳು, ಕಳೆದಳು. “ಏನೂ ಬರ್ತಿಲ್ಲಮ್ಮ,” ಎಂದು ನನ್ನ ಮಡಿಲಿಗೆ ಬಿದ್ದು ಅತ್ತಳು. ಎಷ್ಟೋ ವರ್ಷ ನಾನು ಬಯಸಿದ್ದು ಇದನ್ನೇ. ಆದರೆ ಮಗಳು ನನ್ನ ಮಡಿಲಲ್ಲಿ ಮಲಗಿ ಅತ್ತದ್ದು ದೊಡ್ಡಮ್ಮನಿಗಾಗಿ. ನನಗೂ ಅಳು ಬಂತು, ಜೊತೆಗೆ ಹೊಟ್ಟೆಕಿಚ್ಚೂ ಬಂತು.

ಮೊನ್ನೆ ನಾನೇ ಕೂತು ವರ್ಷಗಳನ್ನು ಒಂದೊಂದಾಗಿ ತಿರುವಿಹಾಕಿ ಮುಂದಿನ ಕಿಟಕಿ ದಿನ ಹುಡುಕಿದೆ: 03-02-2030. ಈ ಸಲವಾದರೂ ಮೊದಲು ಹೇಳುವವಳು ನಾನಾಗಬೇಕು ಎಂದು, ಸ್ಕೂಲಿಂದ ಬಂದ ಮಗಳು ಚಪ್ಪಲಿ ಬಿಡುವಷ್ಟರಲ್ಲೇ ಹೇಳಿಬಿಟ್ಟೆ.

“ಗೊತ್ತಮ್ಮ,” ಎಂದಳು. “ಆಸ್ಪತ್ರೇಲಿ ದೊಡ್ಡಮ್ಮ ಹೇಳಿದ್ರು. ಅವತ್ತಿನ ಕೇಕ್ ಅಮ್ಮನ ಕೈಲೇ ತರ್ಸು ಅಂದ್ರು.”