ಮರುಗದ ಘಮದಡಿಯ ಮುಗ್ಗಲು

ನಬವಿಯಾಗೆ ಮೂರು ವಾರದ ಕೂಲಿ ಇನ್ನೂ ಬರಬೇಕು. ಕೊಡದಿರಲು ಶೆಡ್ಡಿನ ಮಾಲೀಕ ಹಾಜಿ ಮೆತ್ವಲ್ಲಿ ಹೇಳುವ ಕಾರಣ ಒಂದೇ: ತನ್ನ ಶೆಡ್ಡಿನ ಮೊಲದ ಮರಿಗಳನ್ನು ಕೊಂದವಳು ಅವಳೇ. ಇಬ್ಬನಿ ಆರದ ಬೆರ್ಸೀಮ್ ಎಂಬ ಮೇವಿನ ಸೊಪ್ಪು ಹಾಕಿದಳಂತೆ, ಮರಿಗಳ ಹೊಟ್ಟೆ ಉಬ್ಬಿತಂತೆ.

ಜಗಾಜಿಗ್ ಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಹೆಂಗಸಿಗೆ ಇದಕ್ಕಿಂತ ಕೀಳು ಬೈಗುಳವಿಲ್ಲ. ಬೆರ್ಸೀಮನ್ನು ಮಾಳಿಗೆಯ ಮೇಲೆ ಹರಡಿ, ಬಾಡಿಸಿ, ಆಮೇಲೆ ಗೂಡಿಗೆ ಹಾಕಬೇಕೆಂದು ಆರು ವರ್ಷದ ಹುಡುಗಿಗೂ ಗೊತ್ತು. ನಬವಿಯಾಗೆ ಐವತ್ತೆಂಟು. ಗಂಡ ಸತ್ತ ಮೇಲೆ ಮೊಲ ಸಾಕಿಯೇ ಮೂರು ಮಕ್ಕಳನ್ನು ದಡ ಸೇರಿಸಿದವಳು. ಹಿರಿಮಗನ ಹೆಸರಿನಿಂದ ಊರು ಅವಳನ್ನು ಉಮ್ ರಗಬ್, ಅಂದರೆ ರಗಬನ ತಾಯಿ, ಎಂದೇ ಕರೆಯುತ್ತದೆ. ಈ ಮಾತು ಊರಲ್ಲಿ ನೆಲೆ ನಿಂತರೆ ಯಾವ ಶೆಡ್ಡಿನವನೂ ಅವಳನ್ನು ಒಳಗೆ ಬಿಡುವುದಿಲ್ಲ.

ಅವಳಿಗೆ ಮೊದಲು ಅನುಮಾನ ಬಂದದ್ದು ಸೊಪ್ಪಿನ ಪುಡಿಯ ಮೇಲೆ. ಮರುಗ, ಪುದೀನ, ಸೋಂಪು ಒಣಗಿಸಿ ಕುಟ್ಟಿದ ಒಂದು ಡಬ್ಬಿ ಪುಡಿಯನ್ನು ಹಾಜಿ ತಂದಿದ್ದ. ತಾಯಿಹಾಲು ಬಿಟ್ಟ ಮರಿಗಳಿಗೆ ಭೇದಿ ಹತ್ತದಿರಲಿ ಎಂದು ದನದ ಡಾಕ್ಟರ್ ನಾಜಿಹ್ ಹೇಳಿದ ಮದ್ದು ಅದು.

“ಡಾಕ್ಟ್ರು ಬುಟ್ಟಿ ಮೇವಿಗೆ ಒಂದು ಚಮಚ ಅಂದಿದ್ರು, ಹಾಜಿ.”

“ನೀನು ಚೀಲಕ್ಕೇ ಬೊಗಸೆ ತುಂಬ ಹಾಕು, ಉಮ್ ರಗಬ್. ಒಳ್ಳೇದು ಎಷ್ಟಿದ್ರೂ ಒಳ್ಳೇದೇ.”

ಕೆಲಸದವರ ಜ್ವರಕ್ಕೆ ಒಂದು ಮಾತ್ರೆ ಕೊಡಿಸದ ಮನುಷ್ಯ ಮೊಲಕ್ಕೆ ಬೊಗಸೆಗಟ್ಟಲೆ ಪುದೀನ ಸುರಿಯುತ್ತಾನೆಂದರೆ ಏನೋ ಇದೆ ಎಂದುಕೊಂಡಳು. ಆದರೂ ಹಾಕಿದಳು. ವಾರದೊಳಗೆ ಮರಿಗಳು ಮೇವು ಬಿಟ್ಟು, ಬೆನ್ನು ಗೂನು ಮಾಡಿ ಮೂಲೆ ಸೇರಿದವು. ಬೆಳಗಾದರೆ ಸೆಟೆದು ಬಿದ್ದಿರುತ್ತಿದ್ದವು.

“ಎಪ್ಪತ್ತು ಮರಿ ನುಂಗಿದಳು,” ಎಂದು ಹಾಜಿ ಚಹಾದಂಗಡಿಯಲ್ಲಿ ಸಾರಿದ. ಅಲ್ಲ ಎನ್ನಲು ಅವಳ ಬಳಿ ಲೆಕ್ಕವಿರಲಿಲ್ಲ. ಆ ಕಡೆ ಮರಿಗಳನ್ನು ಯಾರೂ ಎಣಿಸುವುದಿಲ್ಲ. ಎಣಿಸಿದರೆ ಕಣ್ಣು ಬೀಳುತ್ತದೆ. ಇದು ಹಾಜಿಗೂ ಗೊತ್ತಿತ್ತು. ಗೊತ್ತಿದ್ದೇ ಬಾಯಿಗೆ ಬಂದ ಸಂಖ್ಯೆ ಹೇಳಿದ.

ನಬವಿಯಾ ತನ್ನ ಮಾಳಿಗೆಯ ಮರಿಗಳನ್ನು ಎರಡು ಗೂಡಿಗೆ ಹಾಕಿದಳು. ಎರಡಕ್ಕೂ ಅದೇ ಪುಡಿ. ಒಂದಕ್ಕೆ ಮನೆಯ ತವುಡು, ಇನ್ನೊಂದಕ್ಕೆ ಶೆಡ್ಡಿನಿಂದ ತಂದ ಹಾಜಿಯ ಚೀಲದ ಮೇವು. ಆಮೇಲೆ ಬೆರಳು ತೋರಿಸಿ, ಬೀದಿಗೆ ಕೇಳುವಂತೆ ಎಣಿಸಿದಳು: ಇಲ್ಲಿ ಐದು, ಅಲ್ಲಿ ಐದು.

ಪಕ್ಕದ ಮಾಳಿಗೆಯ ಫಕ್ರಿಯಾ ಎದೆ ಬಡಿದುಕೊಂಡಳು. “ಬಾಯ್ಮುಚ್ಚೇ, ಹುಚ್ಚಿ! ಕಣ್ಣು ಬಿದ್ದೀತು!”

“ಬಿದ್ದಾಯ್ತಲ್ಲೇ. ಯಾರ ಕಣ್ಣು ಅಂತ ನೋಡೋಣ ಇರು.”

ಆರನೆಯ ದಿನಕ್ಕೆ ಹಾಜಿಯ ಮೇವು ತಿಂದ ಗೂಡಿನಲ್ಲಿ ಮೂರು ಸತ್ತವು. ತವುಡಿನ ಗೂಡಿನ ಐದೂ ಕಿವಿ ನಿಮಿರಿಸಿ ಕುಣಿಯುತ್ತಿದ್ದವು. ಹಾಗಾದರೆ ಪುಡಿಯದು ತಪ್ಪಲ್ಲ.

ಅವಳು ನೇರ ಶೆಡ್ಡಿಗೆ ಹೋಗಿ ಮೇವಿನ ಚೀಲಕ್ಕೆ ಭುಜದವರೆಗೆ ತೋಳು ಇಳಿಸಿದಳು. ಮೇಲೆ ಮರುಗದ ಘಮ. ತಳದಲ್ಲಿ ಕೈಗೆ ಸಿಕ್ಕಿದ್ದು ಹಸಿರು ಬೂಷ್ಟು ಹಿಡಿದ ಹೆಂಟೆ. ಮುಗ್ಗಲು ನಾತ ಮೂಗಿಗೆ ಬಡಿಯಿತು. ಹಾಜಿ ನೆನೆದ ಮೇವನ್ನು ಅಗ್ಗಕ್ಕೆ ತಂದು, ನಾತ ಮುಚ್ಚಲು ಬೊಗಸೆ ಬೊಗಸೆ ಘಮ ಹಾಕಿಸಿದ್ದ.

ಹೆಂಟೆಯನ್ನು ಸೆರಗಿಗೆ ಕಟ್ಟಿಕೊಂಡು ಡಾಕ್ಟರ ಬಳಿ ಹೋದಳು. ಅವರು ಮೂಸಿ ಮುಖ ಕಿವಿಚಿದರು.

“ಸೊಪ್ಪು ಹೊಟ್ಟೆಗೆ ಒಳ್ಳೇದೇ, ಖಾಲಾ. ಕೊಳೆತ ಮೇವಿಗೆ ಸೇರಿಸು ಅಂತ ನಾನ್ಯಾವಾಗ ಅಂದೆ? ಇದನ್ನ ತಿಂದ್ರೆ ಎಮ್ಮೆಯೂ ಸಾಯುತ್ತೆ.”

“ಅಷ್ಟನ್ನೇ ಬರ್ಕೊಡಿ.”

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. “ಹಾಜಿಯ ಎಮ್ಮೆಗಳನ್ನೂ ನಾನೇ ನೋಡ್ಬೇಕಲ್ಲ, ಖಾಲಾ...”

ಬರೆದುಕೊಡಲಿಲ್ಲ. ಮರುದಿನ ಶೆಡ್ಡಿಗೆ ಹೊಸ ಬೀಗ ಬಿತ್ತು. ಚೀಲಗಳು ಅಲ್ಲೇ ಇವೆ, ಹಾಜಿ ಮೊಲ ಮಾರುತ್ತಲೇ ಇದ್ದಾನೆ. ಊರವರೇ, ಗುರುವಾರದ ಸಂತೆಯಲ್ಲಿ ಅವನಿಂದ ಮೊಲ ಕೊಂಡು ಮೊಲೊಖಿಯಾ ಸೊಪ್ಪಿನ ಸಾರಿಗೆ ಹಾಕುವವರು ನೀವು. ಈ ಗುರುವಾರ ಸಂತೆಯ ಬದಲು ಅವನ ಶೆಡ್ಡಿಗೆ ಬರಿಗೈಯಲ್ಲಿ ಹೋಗಿ. ಬೀಗ ತೆಗೆಸಿ, ತೋಳೇರಿಸಿ, ಚೀಲದ ತಳಕ್ಕೆ ಕೈ ಹಾಕಿ ಮೂಸಿ. ಮರಿಗಳನ್ನು ಕೊಂದವರು ಯಾರೆಂದು ಅಲ್ಲೇ, ಅವನೆದುರೇ, ಗಟ್ಟಿಯಾಗಿ ಹೇಳಿ.